ಇವಳು ನಮ್ಮ ಲಾರಾ ಅಲ್ಲ ಅನ್ನಿಸಿದಾಗ

ಪ್ರಶ್ನೆ: ಮೇಡಂ, ನನಗೀಗ 41 ವರ್ಷ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯಲ್ಲಿ ದಾವಣಗೆರೆಯ ಸೈಬರ್ ಕೆಫೆಯೊಂದರಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಲಾರಾ ಕ್ರಾಫ್ಟ್ ಎಂಬ ಸಾಹಸಿ ಹುಡುಗಿ ಗುಹೆ, ಸಮಾಧಿಗಳಿಗೆ ನುಗ್ಗುವ ‘ಟೂಂಬ್ ರೇಡರ್ 2’ ವಿಡಿಯೋ ಗೇಮ್ ಆಡಿ ಮುಗಿಸಿದವನು ನಾನು. ಕಳೆದ ತಿಂಗಳು 14 ವರ್ಷದ ಮಗಳ ಜೊತೆ ಕೂತು 2018ರ ಟೂಂಬ್ ರೇಡರ್ ಸಿನಿಮಾ ನೋಡಿದೆ. ಮೈಯೆಲ್ಲ ಉರಿಯಿತು. ಈ ಹುಡುಗಿ ಬೀಳುತ್ತಾಳೆ, ನರಳುತ್ತಾಳೆ, ಇಡೀ ಸಿನಿಮಾ ಅಪ್ಪನನ್ನು ಹುಡುಕುತ್ತಾಳೆ. ಎರಡು ಪಿಸ್ತೂಲು ಕೈಗೆ ಬರುವಷ್ಟರಲ್ಲಿ ಚಿತ್ರವೇ ಮುಗಿಯಿತು. ಏಂಜಲಿನಾ ಜೋಲಿ ಲಾರಾ ಆಗಿದ್ದ ಕಾಲದಲ್ಲಿ ಆಟಕ್ಕೆ ನಿಯತ್ತಾಗಿ ತೆಗೆದಿದ್ದರು ಎಂದು ಗೊಣಗಿದೆ. ಮಗಳು ಪಟ್ಟನೆ, ‘ಅಪ್ಪಾ, ನಿಂಗೆ ಹಳೇ ಲಾರಾ ಇಷ್ಟ ಆಗಿದ್ದು ಅವಳು ಚಡ್ಡಿ ಹಾಕ್ಕೊಂಡಿದ್ಲು ಅಂತ, ಅಷ್ಟೇ’ ಅಂದಳು. ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಹೇಳಿದ್ದು ನಿಜವೇ? ನನ್ನಂಥವರು ಬೈದದ್ದರಿಂದಲೇ ಆ ಸಿನಿಮಾದ ಎರಡನೇ ಭಾಗ ಬರಲಿಲ್ಲ ಅಂತಾರೆ, ಹೌದೇ? ಈಗ ಹೊಸ ಸೀರೀಸ್, ಹೊಸ ಆಟ ಬರುತ್ತಿವೆಯಂತೆ. ಆಸೆ ಇಟ್ಟುಕೊಳ್ಳಲೋ ಬಿಡಲೋ? ಮಗಳು 2013ರ ಟೂಂಬ್ ರೇಡರ್ ಆಟ ಆಡಬೇಕು ಅಂತ ಹಟ ಹಿಡಿದಿದ್ದಾಳೆ, ಕೊಡಿಸಬಹುದೇ?

ಉತ್ತರ: ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ, ಆ ಚಡ್ಡಿಯ ಮಾತು. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಹದಿನಾರು ವರ್ಷದಿಂದ ಬೆಂಗಳೂರಿನ ಗೇಮ್ ಸ್ಟುಡಿಯೋಗಳಲ್ಲಿ ಲೆವೆಲ್ ಡಿಸೈನ್ ಮಾಡುತ್ತಿದ್ದೇನೆ. ಆಟಗಾರ ಎಲ್ಲಿ ಜಿಗಿಯಬೇಕು, ಎಲ್ಲಿ ಬೀಳಬೇಕು, ಎಲ್ಲಿ ತಲೆ ಕೆರೆದುಕೊಳ್ಳಬೇಕು ಎಂದು ನಿರ್ಧರಿಸುವ ಕೆಲಸ. ಈ ಕೆಲಸಕ್ಕೆ ಬಂದದ್ದೇ ಲಾರಾಳಿಂದ. ನನಗೆ ಹನ್ನೆರಡು ವರ್ಷವಿದ್ದಾಗ ಅಣ್ಣ ಮತ್ತು ಅವನ ಮೂವರು ಸ್ನೇಹಿತರು ನಮ್ಮ ಮನೆಯ ಕಂಪ್ಯೂಟರ್ ಮುಂದೆ ಕೂತು ಈ ಆಟ ಆಡುತ್ತಿದ್ದರು. ಅವರು ಕ್ಯಾಮೆರಾವನ್ನು ಎತ್ತ ತಿರುಗಿಸಲು ಒದ್ದಾಡುತ್ತಿದ್ದರು, ಯಾಕೆ ಹಾಗೆ ಕಿಸಕ್ಕನೆ ನಗುತ್ತಿದ್ದರು ಎಂಬುದು ನನಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಅವರು ಕ್ರಿಕೆಟ್‌ಗೆ ಹೋದ ಮೇಲೆ ಕೀಬೋರ್ಡ್ ನನ್ನದು. ಆಗ ಆ ಗುಹೆಯಲ್ಲಿ ಇದ್ದದ್ದು ನಾನು, ಲಾರಾ, ಅವಳ ಹೆಜ್ಜೆ ಸದ್ದು. ಹಾಗಾಗಿ ಒಂದೇ ಆಟದಲ್ಲಿ ಎರಡು ಲಾರಾ ಇದ್ದಳೆಂಬುದಕ್ಕೆ ನಾನೇ ಸಾಕ್ಷಿ. ನಿಮ್ಮ ಮಗಳು ಹೇಳಿದ್ದು ಮೊದಲನೆಯವಳ ಬಗ್ಗೆ. ಅದು ಸುಳ್ಳಲ್ಲ. ತೊಂಬತ್ತರ ದಶಕದ ಜಾಹೀರಾತುಗಳು ಮಾರಿದ್ದು ಅವಳನ್ನೇ. ಲಾರಾಳ ರೂಪ ಬಿಡಿಸಿದ ಟೋಬಿ ಗಾರ್ಡ್ ಎಂಬ ಕಲಾವಿದ, ತನ್ನ ಪಾತ್ರವನ್ನು ಮಾರುತ್ತಿರುವ ರೀತಿ ಹಿಡಿಸದೆ, ಮೊದಲ ಆಟ ಬಂದ ಮರುವರ್ಷವೇ ಅದನ್ನು ತಯಾರಿಸಿದ ಕೋರ್ ಡಿಸೈನ್ ಕಂಪನಿ ಬಿಟ್ಟ. ಲಕ್ಷಗಟ್ಟಲೆ ಪ್ರತಿ ಮಾರಾಟವಾಗುತ್ತಿದ್ದ ಆಟದ ಜನಕ ಹಾಗೆ ಎದ್ದು ನಡೆದ ಎಂದರೆ ವಿಷಯ ಸಣ್ಣದಲ್ಲ.

ಆದರೆ ನಿಮಗೆ ನೋವಾದದ್ದು ಎರಡನೆಯವಳ ಬಗ್ಗೆ. ಅವಳಿಗೆ ಏನಾಯಿತು ಎಂದು ಹೇಳಲು ನಿಮ್ಮ ಹತ್ತಿರ ಮಾತಿರಲಿಲ್ಲ. ಪಿಸ್ತೂಲು ಎಂದಿರಿ. ಮಗಳಿಗೆ ಅದು ಬಟ್ಟೆಬರೆಯ ತಕರಾರಿನಂತೆ ಕೇಳಿಸಿತು.

ನಿಮ್ಮ ಬೆರಳುಗಳಿಗೆ ಇನ್ನೂ ನೆನಪಿರಬಹುದು. ಕಂದಕದ ಅಂಚಿಗೆ ಹೋಗಬೇಕಾದರೆ ಶಿಫ್ಟ್ ಕೀ ಒತ್ತಿ ಹಿಡಿದು ನಡೆಯಬೇಕಿತ್ತು, ಆಗ ಮಾತ್ರ ಲಾರಾ ಕೆಳಗೆ ಬೀಳುತ್ತಿರಲಿಲ್ಲ. ಅಂಚಿಗೆ ನಿಂತು ಕೆಳಬಾಣದ ಕೀಯನ್ನು ಒಮ್ಮೆ ಒತ್ತಿದರೆ ಒಂದು ಕುಪ್ಪಳಿಕೆ ಹಿಂದಕ್ಕೆ. ಅಲ್ಲಿಂದ ಓಟ. ಓಡುತ್ತಲೇ ಆಲ್ಟ್ ಒತ್ತಿದರೆ ಅಂಚಿನಲ್ಲಿ ನೆಗೆತ, ಗಾಳಿಯಲ್ಲಿರುವಾಗಲೇ ಕಂಟ್ರೋಲ್ ಒತ್ತಿ ಹಿಡಿದರೆ ಆಚೆ ದಡದ ಕಲ್ಲಿಗೆ ಎರಡು ಕೈ. ಬೆರಳು ತುಸು ಮುಂಚೆ ಎತ್ತಿದಿರೋ, ಕಿರುಚಾಟ, ಆಮೇಲೆ ಮೂಳೆ ಮುರಿದ ಸದ್ದು. ಇಡೀ ಲೋಕವೇ ಚೌಕಾಕಾರದ ಕಲ್ಲಿನ ಲೆಕ್ಕದಲ್ಲಿ ಕಟ್ಟಿದ್ದರಿಂದ ಪ್ರತಿ ಜಿಗಿತಕ್ಕೂ ಒಂದು ಅಳತೆ ಇತ್ತು. ಕಣ್ಣಳತೆಯಲ್ಲೇ ‘ಇದು ಓಡಿ ಹಾರೋ ಜಾಗ, ಇದು ನಿಂತು ಹಾರೋ ಜಾಗ’ ಎಂದು ಹೇಳುವಷ್ಟು ನಾವು ಪಳಗಿದ್ದೆವು. ಸಂಗೀತ ಬಹಳ ಹೊತ್ತು ಇರುತ್ತಲೇ ಇರಲಿಲ್ಲ. ದೊಡ್ಡ ಹಜಾರದ ಬಾಗಿಲು ತೆರೆದಾಗ ನಾಲ್ಕು ಕ್ಷಣ ನೇಥನ್ ಮೆಕ್ರೀಯ ರಾಗ ಬಂದು ಮತ್ತೆ ಮೌನ. ಲಾರಾ ಮಾತಾಡುತ್ತಿದ್ದುದೂ ಅಪರೂಪ. ಅವಳ ಧೈರ್ಯ ಅವಳದಲ್ಲ, ನಮ್ಮದು. ಅವಳು ನುರಿತವಳಾಗಿದ್ದಳು ಎಂದರೆ ನಾವು ನುರಿತಿದ್ದೆವು ಎಂದರ್ಥ.

2013ರಲ್ಲಿ ಕ್ರಿಸ್ಟಲ್ ಡೈನಾಮಿಕ್ಸ್ ಕಂಪನಿ ಆಟವನ್ನು ಹೊಸದಾಗಿ ಶುರು ಮಾಡಿದಾಗ ಈ ಸಂಬಂಧವನ್ನೇ ತಿರುಗಿಸಿಬಿಟ್ಟಿತು. ಕ್ಯಾಮೆರಾ ಲಾರಾಳ ಹೆಗಲ ಹಿಂದೆಯೇ ಅಂಟಿಕೊಂಡಿತು, ಮುಖದ ಕೆಸರು ಗಾಯ ಎಲ್ಲ ಕಾಣುವಷ್ಟು ಹತ್ತಿರ. ಕ್ಯಾಮಿಲಾ ಲಡಿಂಗ್ಟನ್ ಎಂಬ ನಟಿ ಧ್ವನಿಯನ್ನಷ್ಟೇ ಅಲ್ಲ, ಮೈಯ ಚಲನೆಯನ್ನೂ ಕೊಟ್ಟರು. ಹತ್ತಬಹುದಾದ ಕಲ್ಲಿಗೆ ಬಿಳಿ ಬಣ್ಣ ಬಳಿದಿರುತ್ತದೆ. ಅಂದಾಜಿನಲ್ಲಿ ಹಾರಿದರೂ ಆಟವೇ ಕೈ ಹಿಡಿದು ಅಂಚಿಗೆ ಮುಟ್ಟಿಸುತ್ತದೆ. ದಾರಿ ತಪ್ಪಿದರೆ ಒಂದು ಬಟನ್ ಒತ್ತಿ, ಲೋಕವೆಲ್ಲ ಮಂಕಾಗಿ ಬೇಕಾದ ವಸ್ತು ಮಾತ್ರ ಹೊಳೆಯುತ್ತದೆ. ನೋಡಲು ಸಿನಿಮಾ, ನಿಜ. ಆದರೆ ಇಲ್ಲಿ ಜಿಗಿಯುವ ಕಷ್ಟ ಆಟಗಾರನಿಂದ ಲಾರಾಳಿಗೆ ವರ್ಗವಾಯಿತು. ಮೊದಲು ನಾವು ಕಷ್ಟಪಡುತ್ತಿದ್ದೆವು, ಅವಳು ನಿರಾಳವಾಗಿದ್ದಳು. ಈಗ ಅವಳು ನರಳುತ್ತಾಳೆ, ನಾವು ಸೋಫಾದಲ್ಲಿ ನಿರಾಳ.

ಕೆಲ ವರ್ಷಗಳ ಹಿಂದೆ ನಾನಿದ್ದ ಒಂದು ಸ್ಟುಡಿಯೋದಲ್ಲಿ ನಾವೂ ಹಳೆಯ ಆಟವೊಂದರ ಹೊಸ ರೂಪಕ್ಕೆ ಕೆಲಸ ಮಾಡುತ್ತಿದ್ದೆವು. ಜಿಗಿತವನ್ನು ಸುಲಭ ಮಾಡಿದ್ದು ನಾನೇ, ಹೆಮ್ಮೆಯೂ ಇತ್ತು. ಪ್ಲೇಟೆಸ್ಟ್‌ಗೆ, ಅಂದರೆ ಬಿಡುಗಡೆಗೆ ಮುನ್ನ ಆಡಿ ನೋಡಲು, ಬಂದ ಮಧ್ಯವಯಸ್ಸಿನ ಒಬ್ಬರು ಹತ್ತು ನಿಮಿಷ ಆಡಿ ಕಂಟ್ರೋಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಏನಾಯಿತು ಸಾರ್ ಅಂದೆ. ‘ನಾನು ಓಡಿಸ್ತಾ ಇಲ್ಲಮ್ಮ, ಇದೇ ನನ್ನನ್ನ ಓಡಿಸ್ತಾ ಇದೆ’ ಅಂದರು. ಆ ಮಾತನ್ನು ಫೀಡ್‌ಬ್ಯಾಕ್ ಶೀಟಿನಲ್ಲಿ ಯಾವ ಕಾಲಮ್ಮಿಗೆ ಹಾಕಬೇಕೆಂದು ನನಗೆ ತಿಳಿಯಲಿಲ್ಲ. ನಿಮ್ಮ ಸಿಟ್ಟೂ ಅದೇ ಜಾತಿಯದು.

ಇನ್ನು ಸಿನಿಮಾಕ್ಕೆ ಬನ್ನಿ. ಜೋಲಿಯ ಚಿತ್ರ ಆಟಕ್ಕೆ ನಿಯತ್ತಾಗಿತ್ತು ಎಂದಿರಿ. ಇಲ್ಲಿ ನೀವು ಎಡವಿದಿರಿ. ಸೈಮನ್ ವೆಸ್ಟ್ ನಿರ್ದೇಶಿಸಿದ 2001ರ ಚಿತ್ರದಲ್ಲಿ ಬರುವ ಇಲ್ಯುಮಿನಾಟಿ, ಕಾಲವನ್ನೇ ಹಿಂದೆಮುಂದೆ ಮಾಡುವ ತ್ರಿಕೋನ, ಇವು ಯಾವ ಆಟದಲ್ಲೂ ಇರಲಿಲ್ಲ. ಅಪ್ಪನ ಕಥೆ ಹೊಸದು ಎಂದು ಬೈಯುವ ಹಾಗೂ ಇಲ್ಲ. ಆ ಚಿತ್ರದಲ್ಲೂ ಲಾರಾ ಅಪ್ಪನ ನೆನಪಿನಲ್ಲೇ ಕೊರಗುತ್ತಾಳೆ, ಅಪ್ಪನ ಪಾತ್ರ ಮಾಡಿದ್ದು ಜೋಲಿಯ ಸ್ವಂತ ತಂದೆ ಜಾನ್ ವಾಯ್ಟ್. ನಾರ್ವೆಯ ರೋರ್ ಉಥಾಗ್ ನಿರ್ದೇಶಿಸಿದ 2018ರ ಚಿತ್ರವೋ, 2013ರ ಆಟದಿಂದ ಕಂತೆಗಟ್ಟಲೆ ಎತ್ತಿಕೊಂಡಿದೆ. ಯಾಮಾತಾಯ್ ದ್ವೀಪ, ಎಂಡ್ಯೂರೆನ್ಸ್ ಹಡಗು, ಬಿಲ್ಲು, ಕೊಡಲಿ, ಜಲಪಾತದ ನೆತ್ತಿಯಲ್ಲಿ ತೂಗಾಡುವ ತುಕ್ಕು ಹಿಡಿದ ವಿಮಾನ, ಎಲ್ಲ ಆಟದ್ದೇ. ಘಟನೆಗಳನ್ನು ಎಣಿಸಿದರೆ ಎರಡನೆಯದೇ ನಿಯತ್ತಿನ ಚಿತ್ರ.

ಹಾಗಿದ್ದೂ ನಿಮಗೆ (ಗುಟ್ಟಾಗಿ ಹೇಳುತ್ತೇನೆ, ನನಗೂ) ಜೋಲಿಯೇ ಲಾರಾ ಅನ್ನಿಸುತ್ತಾಳೆ. ಯಾಕೆ? ಅವಳಿಗೆ ಅದು ಮೋಜು. ಅರಮನೆಯಂಥ ಮನೆಯೊಳಗೆ ರಾತ್ರಿ ಉಡುಪಿನಲ್ಲಿ ಹಗ್ಗಕ್ಕೆ ಜೋತುಬಿದ್ದು ತೂಗುತ್ತಾ, ನುಗ್ಗಿ ಬಂದವರನ್ನು ಹೊಡೆಯುವ ದೃಶ್ಯ ನೆನಪಿದೆಯಲ್ಲ, ಅಪಾಯ ಬಂತು ಎಂದಾಗ ಅವಳ ತುಟಿ ತುಸು ಕೊಂಕುತ್ತದೆ. ಮೊದಲ ಆಟದ ಲಾರಾ ಕೂಡ ದುಡ್ಡು ತೋರಿಸಿದವಳಿಗೆ, ನಾನು ಮೋಜಿಗಷ್ಟೇ ಇದಕ್ಕೆ ಇಳಿಯುವವಳು ಎಂಬರ್ಥದ ಉತ್ತರ ಕೊಟ್ಟವಳು. ಆಟದ ಜೊತೆ ಬರುತ್ತಿದ್ದ ಕೈಪಿಡಿಯ ಕಥೆ ಇನ್ನೂ ಚೆಂದ. ಶ್ರೀಮಂತ ಮನೆತನದ ಹುಡುಗಿ, ಹಿಮಾಲಯದಲ್ಲಿ ವಿಮಾನ ಬಿದ್ದು ಒಬ್ಬಳೇ ಬದುಕುಳಿದು ಎರಡು ವಾರ ನಡೆದು ಹಳ್ಳಿ ಸೇರುತ್ತಾಳೆ. ಆಮೇಲೆ ಆ ಶ್ರೀಮಂತಿಕೆಯ ಉಸಿರುಗಟ್ಟುವ ಬದುಕು ಬೇಡವೆನ್ನುತ್ತಾಳೆ, ಮನೆಯವರು ಕೈಬಿಡುತ್ತಾರೆ. ಅಪ್ಪನ ಆಸ್ತಿಯೂ ಇಲ್ಲ, ಅಪ್ಪನ ಹುಡುಕಾಟವೂ ಇಲ್ಲ. ಹೋಗಬೇಕು ಅನ್ನಿಸಿತು, ಹೋದಳು.

2018ರ ಚಿತ್ರದ ಲಾರಾ, ಅಲಿಸಿಯಾ ವಿಕಾಂಡರ್, ಕೆಟ್ಟದಾಗಿ ಮಾಡಿದ್ದಾರೆಂದು ನಾನು ಹೇಳಲಾರೆ. ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ರಾತ್ರಿ ಕಾಡಿನಲ್ಲಿ ಬಾಡಿಗೆ ಸೈನಿಕನೊಬ್ಬ ಅಟ್ಟಿಸಿಕೊಂಡು ಬಂದು ಮೈಮೇಲೆ ಬೀಳುತ್ತಾನೆ. ಹೊಡೆದಾಡಿ, ಕೊನೆಗೆ ಅವನ ತಲೆಯನ್ನು ಕೆಸರು ಗುಂಡಿಗೆ ಒತ್ತಿ ಹಿಡಿಯುತ್ತಾಳೆ. ಅವನು ಅಲುಗಾಡುವುದು ನಿಂತ ಮೇಲೆ ಅವಳ ಮುಖ ನೋಡಿ. ಗೆಲುವಲ್ಲ, ಹೇಸಿಗೆ. 2013ರ ಆಟದಲ್ಲೂ ಮೊದಲ ಕೊಲೆ ಹೀಗೇ ನಡುಗಿಸುತ್ತದೆ. ತಮಾಷೆ ಏನೆಂದರೆ ಆಟದಲ್ಲಿ ಕೈ ನಡುಗಿದ ಅದೇ ಹುಡುಗಿಯಿಂದ ಸ್ವಲ್ಪ ಹೊತ್ತಿಗೆಲ್ಲ ನಾವು ಸಾಲಾಗಿ ಜನರನ್ನು ಕೊಲ್ಲಿಸಲು ಶುರು ಮಾಡುತ್ತೇವೆ. ಕಥೆ ಒಂದು ಹೇಳಿದರೆ ಬಟನ್ ಇನ್ನೊಂದು ಹೇಳುತ್ತದೆ. ಸಿನಿಮಾಕ್ಕೆ ಆ ಪೇಚು ಇಲ್ಲ. 118 ನಿಮಿಷದಲ್ಲಿ ಒಂದು ಸಾವಿಗೆ ಬೆಲೆ ಕೊಡಬಹುದು. ಈ ಒಂದು ವಿಷಯದಲ್ಲಿ ಸಿನಿಮಾ ಆಟವನ್ನು ಮೀರಿಸಿತು ಎಂಬುದು ನನ್ನ ಲೆಕ್ಕ. ನಿಮ್ಮ ಮಗಳಿಗೆ ಹಿಡಿಸಿದ್ದು ಬಹುಶಃ ಇದೇ. ಅವಳಿಗೆ ಬೀಳುವ ಹುಡುಗಿ ಬೇಕು, ಬಿದ್ದು ಏಳುವುದನ್ನು ನೋಡಬೇಕು. ನಿಮಗೆ ಬೀಳದವಳು ಬೇಕು.

ಹಾಗಾದರೆ ಮಗಳು ಹೇಳಿದ್ದು ನಿಜವೇ ಎಂಬುದಕ್ಕೆ ಒಂದು ಸುಲಭ ಪರೀಕ್ಷೆ. ನಿಮ್ಮ ಒಂದೊಂದು ತಕರಾರನ್ನೂ ತೆಗೆದುಕೊಂಡು, ನಾಯಕ ಗಂಡಸಾಗಿದ್ದರೂ ಇದನ್ನು ಹೇಳುತ್ತಿದ್ದೆನೇ ಎಂದು ಕೇಳಿಕೊಳ್ಳಿ. ‘ಪಾತ್ರದ ನಿರಾಳತೆ ಹೋಯಿತು’ ಎಂಬುದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ‘ಒಗಟು ಕಡಿಮೆ, ಓಡಾಟ ಜಾಸ್ತಿ’ ಎಂಬುದೂ ಪಾಸು. ವಿಕಾಂಡರ್ ಆಯ್ಕೆಯಾದಾಗ ಅವರ ಮೈಕಟ್ಟಿನ ಬಗ್ಗೆ, ಎದೆಯ ಅಳತೆಯ ಬಗ್ಗೆ ಒಂದಷ್ಟು ಗಂಡಸರು ಆಡಿದ ಮಾತು ಪಾಸಾಗುವುದಿಲ್ಲ. ನೀವು ಪತ್ರದಲ್ಲಿ ಬರೆದದ್ದರಲ್ಲಿ ಅಂಥದ್ದು ನನಗೆ ಕಾಣಲಿಲ್ಲ. ಆದರೆ ಆ ಗುಂಪಿನ ಗದ್ದಲ ಎಷ್ಟಿತ್ತೆಂದರೆ, ನಿಮ್ಮಂಥವರ ಮಾತೂ ಅದೇ ಸದ್ದಿನಲ್ಲಿ ಸೇರಿಹೋಯಿತು.

ಎರಡನೇ ಭಾಗ ನಿಮ್ಮಿಂದಾಗಿ ನಿಂತಿತೇ? ಇಲ್ಲ. ಇದು ಅಭಿಮಾನಿಗಳು ತಮಗೆ ತಾವೇ ಕೊಟ್ಟುಕೊಳ್ಳುವ ದೊಡ್ಡಸ್ತಿಕೆ. ಚಿತ್ರಕ್ಕೆ ಸುಮಾರು 10 ಕೋಟಿ ಡಾಲರ್ ಖರ್ಚಾಗಿತ್ತು, ಜಗತ್ತಿನಾದ್ಯಂತ 27 ಕೋಟಿ ಡಾಲರ್ ದಾಟಿ ಗಳಿಸಿತು. ಅಂದರೆ ಜೋಲಿಯ ಮೊದಲ ಚಿತ್ರದ ಆಸುಪಾಸು. ಅಮೆರಿಕದಲ್ಲಿ ಬಂದದ್ದು 5.8 ಕೋಟಿಯಷ್ಟೇ, ಚೀನಾದಲ್ಲಿ ಅದಕ್ಕಿಂತ ಹೆಚ್ಚು. ಆದರೆ ಟಿಕೆಟ್ ದುಡ್ಡಿನಲ್ಲಿ ಸುಮಾರು ಅರ್ಧ ಥಿಯೇಟರಿನವರಿಗೆ ಹೋಗುತ್ತದೆ, ಚೀನಾದಲ್ಲಂತೂ ಹೊರದೇಶದ ಸ್ಟುಡಿಯೋಗೆ ಸಿಗುವುದು ನಾಲ್ಕನೇ ಒಂದು ಪಾಲು. ಹಾಗಾಗಿ ಮುಳುಗಲೂ ಇಲ್ಲ, ತೇಲಿ ಹಬ್ಬ ಮಾಡಲೂ ಇಲ್ಲ. ಆದರೂ ಎರಡನೇ ಭಾಗಕ್ಕೆ ಸಿದ್ಧತೆ ನಡೆದೇ ಇತ್ತು. ಬೆನ್ ವೀಟ್ಲಿ ನಿರ್ದೇಶನದಲ್ಲಿ 2021ರ ಮಾರ್ಚ್‌ಗೆ ಬಿಡುಗಡೆ ಎಂದಿತ್ತು, ಕೊರೋನಾ ಬಂತು, ನಿರ್ದೇಶನ ಮಿಶಾ ಗ್ರೀನ್ ಕೈಗೆ ಹೋಯಿತು, 2022ರಲ್ಲಿ ಚಿತ್ರದ ಹಕ್ಕಿದ್ದ ಎಂಜಿಎಂ ಸ್ಟುಡಿಯೋವನ್ನೇ ಅಮೆಜಾನ್ ಕೊಂಡಿತು, ಅದೇ ವರ್ಷ ಚಿತ್ರದ ಹಕ್ಕಿನ ಅವಧಿ ಮುಗಿದು ಎಂಜಿಎಂ ಕೈತಪ್ಪಿತು. ಆ ವರ್ಷದ ಮೇ ತಿಂಗಳಲ್ಲಿ, ಕ್ರಿಸ್ಟಲ್ ಡೈನಾಮಿಕ್ಸ್‌ನಂಥ ತನ್ನ ಆಟದ ಕಂಪನಿಗಳನ್ನೂ ಜಪಾನಿನ ಸ್ಕ್ವೇರ್ ಎನಿಕ್ಸ್ 30 ಕೋಟಿ ಡಾಲರಿಗೆ ಎಂಬ್ರೇಸರ್ ಗುಂಪಿಗೆ ಮಾರಲು ಒಪ್ಪಿತು. ಲಾರಾಳನ್ನು ತಡೆದದ್ದು ಕಾಗದಪತ್ರ. ನಮ್ಮ ಬೈಗುಳಕ್ಕೆ ಅಷ್ಟು ತಾಕತ್ತಿರಲಿಲ್ಲ.

ಹಾಗೆಂದು ಅಭಿಮಾನಿಗಳ ಮಾತು ಎಲ್ಲಿಯೂ ನಾಟುವುದಿಲ್ಲ ಎಂದಲ್ಲ. ನಮ್ಮಲ್ಲಿ ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಎಂದರು. ಗೇಮ್ ಕಂಪನಿಗಳು ಹಾಗೆಲ್ಲ ಅನ್ನುವುದಿಲ್ಲ, ಆದರೆ ಹರಕೆಗೆ ಕಿವಿಗೊಡುವುದು ಯಾವಾಗ ಎಂಬುದಕ್ಕೆ ಒಂದು ನಮೂನೆ ಇದೆ. 2019ರಲ್ಲಿ ‘ಸಾನಿಕ್’ ಚಿತ್ರದ ಟ್ರೇಲರ್ ಬಂದಾಗ ಆ ನೀಲಿ ಮುಳ್ಳುಹಂದಿಗೆ ಮನುಷ್ಯರ ಹಲ್ಲು ಕೂರಿಸಿದ್ದನ್ನು ನೋಡಿ ಜಗತ್ತೇ ಹೌಹಾರಿತು. ನಿರ್ದೇಶಕ ಜೆಫ್ ಫೌಲರ್ ಕೆಲವೇ ದಿನಗಳಲ್ಲಿ, ಬದಲಿಸುತ್ತೇವೆ ಎಂದರು. ಬಿಡುಗಡೆ 2019ರ ನವೆಂಬರಿನಿಂದ 2020ರ ಫೆಬ್ರುವರಿಗೆ ಹೋಯಿತು, ಚಿತ್ರ ಗೆದ್ದಿತು. ಅಲ್ಲಿ ತಕರಾರು ಒಂದೇ, ಎಲ್ಲರದೂ ಅದೇ, ಬೆರಳಿಟ್ಟು ತೋರಿಸುವಂಥದ್ದು, ಕಂಪ್ಯೂಟರಿನಲ್ಲಿ ತಿದ್ದಬಹುದಾದದ್ದು. ಲಾರಾಳ ವಿಷಯದಲ್ಲಿ ತಿದ್ದಿ ಎಂದರೆ ಯಾರಂತೆ ತಿದ್ದುವುದು? 1996ರಿಂದ 2003ರವರೆಗಿನ ಒಂಟಿ ಲಾರಾ ಬೇಕೆನ್ನುವವರು ಒಂದು ಕಡೆ, 2006ರ ‘ಲೆಜೆಂಡ್’ನಿಂದ ಶುರುವಾದ, ಕಿವಿಯಲ್ಲಿ ಹೆಡ್‌ಸೆಟ್ ಸಿಕ್ಕಿಸಿಕೊಂಡು ಗೆಳೆಯರ ಜೊತೆ ಹರಟುವ ಲಾರಾ ಬೇಕೆನ್ನುವವರು ಇನ್ನೊಂದು ಕಡೆ, 2013ರ ಬಿಲ್ಲಿನ ಲಾರಾಳೇ ನಿಜವೆನ್ನುವ ನಿಮ್ಮ ಮಗಳ ವಯಸ್ಸಿನವರು ಮತ್ತೊಂದು ಕಡೆ. 2018ರ ಚಿತ್ರಕ್ಕೆ ಬೈದವರಲ್ಲಿ 2013ರ ಆಟದ ಭಕ್ತರೂ ಇದ್ದರು. ಆಟದ ರಾಣಿ ಹಿಮಿಕೋ ನಿಜವಾಗಿ ಬಿರುಗಾಳಿ ಎಬ್ಬಿಸುವವಳು. ಸಿನಿಮಾದಲ್ಲಿ ಅವಳನ್ನು ರೋಗ ಹೊತ್ತ, ಜನರನ್ನು ಉಳಿಸಲು ತಾನೇ ಸಮಾಧಿ ಸೇರಿದ ಹೆಂಗಸಾಗಿ ಮಾಡಿಬಿಟ್ಟರು. ಗೆಳತಿ ಸ್ಯಾಮ್ ಇಲ್ಲ, ಜೋನಾ ಇಲ್ಲ. ಅವರ ಸಿಟ್ಟಿಗೂ ನಿಮ್ಮ ಸಿಟ್ಟಿಗೂ ಸಂಬಂಧವೇ ಇಲ್ಲ, ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ‘ಅಭಿಮಾನಿಗಳ ಆಕ್ರೋಶ’.

ನಿಯತ್ತೇ ಗೆಲುವಿನ ಗುಟ್ಟು ಎಂದು ಯಾರಾದರೂ ಹೇಳಿದರೆ ‘ರೆಸಿಡೆಂಟ್ ಈವಿಲ್’ ತೋರಿಸಿ. ಆಟವನ್ನು ಬದಿಗಿಟ್ಟು ಬೇರೊಂದು ನಾಯಕಿಯನ್ನು ತಂದ ಮಿಲಾ ಜೊವೊವಿಚ್‌ರ ಆರು ಚಿತ್ರಗಳು ಒಟ್ಟು 120 ಕೋಟಿ ಡಾಲರ್ ಮೀರಿ ಗಳಿಸಿದವು. ಪೊಲೀಸ್ ಠಾಣೆಯ ಹಜಾರವನ್ನೂ ಆಟದಂತೆಯೇ ಕಟ್ಟಿ ತೆಗೆದ 2021ರ ಚಿತ್ರಕ್ಕೆ ಸುಮಾರು 4 ಕೋಟಿ.

ಲಾರಾಳನ್ನು ಬದಲಿಸಲೇಬೇಕಿತ್ತೇ ಎಂದರೆ, ಕಂಪನಿಯ ಕುರ್ಚಿಯಲ್ಲಿ ಕೂತು ನೋಡಿದರೆ ಹೌದು. 2003ರ ‘ಏಂಜಲ್ ಆಫ್ ಡಾರ್ಕ್‌ನೆಸ್’ ದೋಷಗಳ ಮೂಟೆಯಾಗಿ ಬಂದು, ಡರ್ಬಿಯ ಕೋರ್ ಡಿಸೈನ್ ಕೈಯಿಂದ ಆಟವೇ ಜಾರಿ ಅಮೆರಿಕದ ಕ್ರಿಸ್ಟಲ್ ಡೈನಾಮಿಕ್ಸ್‌ಗೆ ಹೋಯಿತು. 2007ರಲ್ಲಿ ‘ಅನ್‌ಚಾರ್ಟೆಡ್’ ಎಂಬ ಆಟ ಬಂದು ಲಾರಾಳ ಜಾಗದಲ್ಲೇ ಗಂಡಸನ್ನು ಕೂರಿಸಿ ಸಿನಿಮಾದ ಠೀವಿ ಕಲಿಸಿತು. ಅತ್ತ ಬ್ಯಾಟ್‌ಮನ್, ಜೇಮ್ಸ್ ಬಾಂಡ್ ಎಲ್ಲರೂ ‘ಮೊದಲ ದಿನದ ಕಥೆ’ಯಿಂದ ಮತ್ತೆ ಶುರು ಮಾಡಿ ಗೆದ್ದಿದ್ದರು. 2013ರ ಆಟ ಮೊದಲ ತಿಂಗಳಲ್ಲೇ 34 ಲಕ್ಷ ಪ್ರತಿ ಮಾರಾಟವಾದರೂ ಸ್ಕ್ವೇರ್ ಎನಿಕ್ಸ್ ಮುಖ ಸಿಂಡರಿಸಿತು. ಆದರೆ ವರ್ಷಗಳು ಕಳೆದಂತೆ ಅದು 1.4 ಕೋಟಿ ದಾಟಿತು. ತಪ್ಪು ನಡೆದದ್ದು ಬದಲಿಸಿದ್ದರಲ್ಲಿ ಅಲ್ಲ, ಅದನ್ನು ಮಾರಿದ ಮಾತಿನಲ್ಲಿ. ಆಟ ಬರುವ ಮುನ್ನ 2012ರಲ್ಲಿ ಅದರ ನಿರ್ಮಾಪಕರೊಬ್ಬರು, ಆಟಗಾರರಿಗೆ ಈ ಲಾರಾಳನ್ನು ಕಾಪಾಡಬೇಕು ಅನ್ನಿಸುತ್ತದೆ ಎಂದು ಹೇಳಿ ಪೇಚಿಗೆ ಸಿಕ್ಕಿದರು. ನನ್ನಂಥ ಹೆಂಗಸರಿಗೆ ಅದು ಚಡ್ಡಿ ಜಾಹೀರಾತಿಗಿಂತ ಹೆಚ್ಚು ಚುಚ್ಚಿತು. ಲಾರಾ ನಾನಾಗಿದ್ದಳು, ಅವಳನ್ನು ಕಾಪಾಡಲು ಇವರ್ಯಾರು?

ಈ ‘ನಮ್ಮದನ್ನು ನಮ್ಮದಲ್ಲದಂತೆ ಮಾಡಿದರು’ ಎಂಬ ಕಸಿವಿಸಿ ನಮಗೆ ಕನ್ನಡಿಗರಿಗೆ ಇನ್ನೊಂದು ದಾರಿಯಿಂದಲೂ ಗೊತ್ತು. 2017ರ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಕಾಲದ ಗಣೇಶನ ದಂತ ಹುಡುಕುತ್ತಾ. ಹಳೇಬೀಡಿನ ಹೆಸರು ಕೇಳಿ ನಾನು ಕುರ್ಚಿಯಿಂದ ಎದ್ದೇ ಕೂತೆ. ಆಮೇಲೆ ಬಂದದ್ದು ಬೆಟ್ಟದಷ್ಟು ಎತ್ತರದ ವಿಗ್ರಹಗಳು. ಬಳಪದ ಕಲ್ಲಿನಲ್ಲಿ ಬೆರಳುದ್ದದ ಆನೆಯ ಸಾಲು, ಶಿಲಾಬಾಲಿಕೆಯ ಬಳೆಯೊಳಗೆ ಕಡ್ಡಿ ತೂರುವಷ್ಟು ನವಿರು ಕೆತ್ತನೆ, ಅದಲ್ಲವೇ ಹೊಯ್ಸಳರದು? ಆದರೂ ಆ ಆಟವನ್ನು ಎರಡು ಸಲ ಮುಗಿಸಿದೆ, ಮಳೆ ಬಿದ್ದ ಘಟ್ಟದ ಹಸಿರನ್ನು ಅಷ್ಟು ಚೆನ್ನಾಗಿ ಮಾಡಿದ್ದಾರೆ. ಟೂಂಬ್ ರೇಡರ್ 3 ಶುರುವಾಗುವುದೂ ಭಾರತದ ಕಾಡಿನಲ್ಲೇ. ಆರು ಕೈಯ ಶಿವನ ವಿಗ್ರಹ ಜೀವ ತಳೆದು ಕತ್ತಿ ಬೀಸುತ್ತದೆ, ಮಂಗಗಳು ನಾವು ಎತ್ತಿಕೊಳ್ಳಬೇಕಾದ ಔಷಧಿ ಪೊಟ್ಟಣವನ್ನೇ ಹಾರಿಸುತ್ತವೆ. ಮಂಗಗಳ ವಿಷಯದಲ್ಲಿ ಮಾತ್ರ ವಾಸ್ತವಕ್ಕೆ ನೂರಕ್ಕೆ ನೂರು.

ಈಗ ಮುಂದೇನು ಎಂಬುದು. ಅಮೆಜಾನ್ ಪ್ರೈಮ್‌ಗೆ ಫೀಬಿ ವಾಲರ್-ಬ್ರಿಜ್ ಬರೆಯುತ್ತಿರುವ ಸೀರೀಸ್‌ನಲ್ಲಿ ಸೋಫಿ ಟರ್ನರ್ ಲಾರಾ. ಎರಡು ಆಟಗಳು 2025ರ ಡಿಸೆಂಬರಿನಲ್ಲಿ ಘೋಷಣೆಯಾಗಿವೆ. 1996ರ ಆಟವನ್ನೇ ಮತ್ತೆ ಕಟ್ಟುವ ‘ಲೆಗಸಿ ಆಫ್ ಅಟ್ಲಾಂಟಿಸ್’ ಒಂದು, ಉತ್ತರ ಭಾರತದಲ್ಲಿ ನಡೆಯುವ ‘ಕ್ಯಾಟಲಿಸ್ಟ್’ ಇನ್ನೊಂದು. ನಿಮ್ಮ ಮುಂದೆ ಕೆಲವು ದಾರಿಗಳಿವೆ.

ನೋಡುವುದೇ ಇಲ್ಲ ಎಂದು ಹಟ ಹಿಡಿಯಬಹುದು. ಅದು ನಿಮ್ಮ ಹಕ್ಕು. ಅಪಾಯವೆಂದರೆ, ನೋಡದವನ ಕಾರಣ ಯಾರ ಪಟ್ಟಿಗೂ ಬರುವುದಿಲ್ಲ. ಲೆಕ್ಕ ಇಡುವವರು ‘ಜನಕ್ಕೆ ಲಾರಾ ಸಾಕಾಗಿದ್ದಾಳೆ’ ಎಂದಷ್ಟೇ ಬರೆದುಕೊಳ್ಳುತ್ತಾರೆ. ನೋಡಿ, ಆಡಿ, ಬರೆಯಬಹುದು. ಬರೆದರೆ ‘ಬಾಲ್ಯ ಹಾಳು ಮಾಡಿದಿರಿ’ ಎಂದು ಬರೆಯಬೇಡಿ. ಮೀಟಿಂಗಿನಲ್ಲಿ ನಾವು ಅಂಥದ್ದನ್ನು ಎಣಿಸುತ್ತೇವೆಯೇ ಹೊರತು ಓದುವುದಿಲ್ಲ. ‘ಮೂರನೇ ಗುಹೆಯಲ್ಲಿ ಒಗಟು ಯೋಚಿಸಲು ಬಿಡುವ ಮೊದಲೇ ಲಾರಾ ಬಾಯಿಬಿಟ್ಟು ಉತ್ತರ ಹೇಳಿಬಿಡುತ್ತಾಳೆ’ ಎಂದು ಒಬ್ಬರು ಬರೆದರೆ, ಆ ಸಾಲನ್ನು ಪರದೆ ಮೇಲೆ ಹಾಕಿ ಅರ್ಧ ಗಂಟೆ ಜಗಳವಾಡುತ್ತೇವೆ. ನಟಿಯ ಬೆನ್ನು ಹತ್ತುವ ದಾರಿಯೂ ಇದೆ, ಬಹಳ ಜನ ಹಿಡಿಯುವುದು ಅದನ್ನೇ. 2020ರಲ್ಲಿ ‘ದ ಲಾಸ್ಟ್ ಆಫ್ ಅಸ್’ ಆಟದ ಎರಡನೇ ಭಾಗದ ಪಾತ್ರವೊಂದು ಹಿಡಿಸಲಿಲ್ಲವೆಂದು ಅದಕ್ಕೆ ಧ್ವನಿ ಕೊಟ್ಟ ಲಾರಾ ಬೇಯ್ಲಿ ಎಂಬ ನಟಿಗೆ ಕೊಲೆ ಬೆದರಿಕೆ ಹಾಕಿದರು. ಕಥೆ ಬರೆದವರು ಅವರಲ್ಲ, ಆಟ ಕಟ್ಟಿದವರೂ ಅಲ್ಲ. ಇಂಥದ್ದೊಂದು ನಡೆದರೆ ಸ್ಟುಡಿಯೋ ಕಿವಿ ಮುಚ್ಚಿಕೊಳ್ಳುತ್ತದೆ, ಒಳ್ಳೆಯ ಮಾತು ಹೇಳುವವರಿಗೂ.

ಮಗಳಿಗೆ 2013ರ ಆಟ ಈಗಲೇ ಬೇಡ. ನಾನು ಮಡಿವಂತಳಲ್ಲ, ಆದರೆ ಅದಕ್ಕೆ ಯುರೋಪಿನಲ್ಲಿ 18 ವರ್ಷದ ಮುದ್ರೆ ಸುಮ್ಮನೆ ಬಿದ್ದಿಲ್ಲ. ನದಿಯಲ್ಲಿ ಕೊಚ್ಚಿ ಹೋಗುವಾಗ ಬಟನ್ ತಪ್ಪಿದರೆ ಚೂಪು ಕಂಬಿ ಲಾರಾಳ ಗಂಟಲಿಗೆ ಚುಚ್ಚಿಕೊಳ್ಳುವುದನ್ನು ಕ್ಯಾಮೆರಾ ಬಿಡದೆ ತೋರಿಸುತ್ತದೆ. ಸಿನಿಮಾಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹಟ ಜೋರಾದರೆ ನೀವು ಪಕ್ಕದಲ್ಲಿ ಕೂತು, ಕಂಟ್ರೋಲರ್ ಕೈಬದಲು ಮಾಡುತ್ತಾ ಆಡಿ; ಹತ್ತು ಹದಿನೈದು ಗಂಟೆಯ ಆಟ, ಎರಡು ವಾರದ ಭಾನುವಾರಗಳಿಗೆ ಮುಗಿಯುವುದಲ್ಲ.

ಅದಕ್ಕಿಂತ ಮೊದಲು 2024ರಲ್ಲಿ ಬಂದ, ಮೊದಲ ಮೂರು ಆಟಗಳ ರೀಮಾಸ್ಟರ್ ಕೊಡಿಸಿ. ಹಳೆಯ ಗ್ರಾಫಿಕ್ಸನ್ನೂ ಹೊಸ ಗ್ರಾಫಿಕ್ಸನ್ನೂ ಆಡುತ್ತಲೇ ಒಂದು ಬಟನ್ನಿನಲ್ಲಿ ಅದಲುಬದಲು ಮಾಡಬಹುದು. ಎಚ್ಚರಿಕೆ ಒಂದಿದೆ. ಹಳೆಯ ಗ್ರಾಫಿಕ್ಸಿಗೆ ಬದಲಿಸಿದಾಗ, ನಿಮ್ಮ ನೆನಪಿನಲ್ಲಿದ್ದ ಲಾರಾ ಇಷ್ಟು ಮೂಲೆಮೂಲೆಯಾಗಿದ್ದಳೇ ಎಂದು ಎದೆ ಧಸಕ್ಕೆನ್ನಬಹುದು. ನನಗೆ ಎಂದಿತು. ಕಂಟ್ರೋಲಿನಲ್ಲೂ ಎರಡು ಆಯ್ಕೆ ಇವೆ. ಹೊಸ ಬಗೆಯದನ್ನು ಮಗಳು ಆರಿಸಿಕೊಳ್ಳುತ್ತಾಳೆ, ಯುದ್ಧದ ಟ್ಯಾಂಕಿನಂತೆ ನಿಂತಲ್ಲೇ ತಿರುಗಿ ಮುಂದೆ ಸಾಗುವ ಹಳೆಯ ಟ್ಯಾಂಕ್ ಕಂಟ್ರೋಲಿಗೆ ಹಾಕಿಸಿ. ಆ ಚೌಕದ ಲೋಕಕ್ಕೆ ಹೊಂದುವುದು ಅದೇ, ಹೊಸದರಲ್ಲಿ ಜಿಗಿತದ ಅಳತೆ ಕೈಗೆ ಸಿಗುವುದಿಲ್ಲ. ನೀವು ಹೇಳಿಕೊಡಲು ಹೋಗಬೇಡಿ, ನಾಲ್ಕು ಸಲ ಬೀಳಲಿ.

ಎರಡನೇ ಆಟದಲ್ಲಿ ಗುಹೆಗೆ ಹೋಗುವ ಮೊದಲು ಲಾರಾಳ ಮನೆಯಿಂದ ಶುರು ಮಾಡಿ. ಮುದುಕ ಬಟ್ಲರ್ ವಿನ್‌ಸ್ಟನ್ ಟೀ ತಟ್ಟೆ ಗಲಗಲ ಅಲುಗಿಸುತ್ತಾ ಇನ್ನೂ ಹಿಂದೆ ಹಿಂದೆಯೇ ಬರುತ್ತಾನೆ. ಅಡುಗೆಮನೆಯ ಒಳಗಿರುವ ಫ್ರೀಜರ್ ಕೋಣೆಗೆ ಅವನನ್ನು ಕರೆದೊಯ್ದು, ತಾನು ಮಾತ್ರ ಓಡಿ ಹೊರಬಂದು ಬಾಗಿಲು ಹಾಕುವುದು ಹೇಗೆಂದು ಮಗಳು ತಾನಾಗಿಯೇ ಕಂಡುಕೊಳ್ಳುತ್ತಾಳೋ ನೋಡಿ. ನನ್ನ ಹತ್ತು ವರ್ಷದ ಸೋದರಳಿಯನಿಗೆ ಇಪ್ಪತ್ತು ನಿಮಿಷ ಹಿಡಿಯಿತು, ಆಮೇಲೆ ಒಂದು ಗಂಟೆ ಅವನು ಬೇರೆ ಏನೂ ಆಡಲಿಲ್ಲ.